ಮೊದಲ ಸಲದ ಅಳತೆ ಎಲ್ಲಿ ಹೋಯಿತು?

ಇಂದು ಬೆಳಿಗ್ಗೆ ಒಂದು ತಾಂತ್ರಿಕ ಸಭೆಯಲ್ಲಿ ಕುಳಿತಿದ್ದೆ. ಅಣು ವಿದ್ಯುತ್ ಸ್ಥಾವರಗಳ ಸುರಕ್ಷತಾ ವಾಲ್ವ್‌ಗಳ ಪರೀಕ್ಷೆಯ ಬಗ್ಗೆ ಯುವ ಎಂಜಿನಿಯರ್ ಒಬ್ಬರು ಅಚ್ಚುಕಟ್ಟಾಗಿ ವಿವರಿಸುತ್ತಿದ್ದರು. ಪರದೆಯ ಮೇಲೆ ಪ್ರತಿ ವಾಲ್ವ್‌ಗೂ ಮೂರು ಅಳತೆ, ಪಕ್ಕದಲ್ಲಿ ಸರಾಸರಿ. ಎಲ್ಲವೂ ಮಿತಿಯೊಳಗೆ. "ಮೊದಲ ಸಲ ಎಷ್ಟು ಒತ್ತಡಕ್ಕೆ ತೆರೆಯಿತು?" ಎಂದು ಕೇಳಿದೆ. "ಸರ್, ಮೊದಲ ಸಲ ಯಾವಾಗಲೂ ಸ್ವಲ್ಪ ಹೆಚ್ಚೇ ಬರುತ್ತದೆ. ಅದನ್ನು ಬಿಟ್ಟು ಉಳಿದ ಮೂರನ್ನು ತೆಗೆದುಕೊಂಡಿದ್ದೇವೆ" ಎಂದರು. ಯಾರೂ ಹುಬ್ಬೇರಿಸಲಿಲ್ಲ. ಆಗಿನಿಂದ ನನಗೆ ಬೇರೆ ಕೆಲಸದ ಮೇಲೆ ಮನಸ್ಸು ನಿಲ್ಲುತ್ತಿಲ್ಲ.

ನನ್ನ ಅರ್ಧ ಆಯುಸ್ಸು ಪರೀಕ್ಷಾ ಬೆಂಚಿನ ಮುಂದೆಯೇ, ಎಂದರೆ ಬಿಚ್ಚಿ ತಂದ ವಾಲ್ವ್‌ಗಳಿಗೆ ಒತ್ತಡ ಕೊಟ್ಟು ನೋಡುವ ಜಾಗದಲ್ಲೇ, ಕಳೆದಿದೆ. ಆದ್ದರಿಂದ ಇದನ್ನು ಸುಮ್ಮನೆ ಬಿಡಲಾರೆ.

ಸುರಕ್ಷತಾ ವಾಲ್ವ್ ವರ್ಷಗಟ್ಟಲೆ ಮುಚ್ಚಿಕೊಂಡೇ ಇರುತ್ತದೆ. ಒಂದು ಸ್ಪ್ರಿಂಗ್, ಮುಚ್ಚಳದಂತಿರುವ ಡಿಸ್ಕನ್ನು ಅದು ಕೂರುವ ಅಂಚಿನ, ಎಂದರೆ ಸೀಟಿನ, ಮೇಲೆ ಒತ್ತಿ ಹಿಡಿದಿರುತ್ತದೆ. ಒತ್ತಡ ಮಿತಿ ಮೀರಿದ ಒಂದು ದಿನ, ಯಾರೂ ಕೇಳದೆ, ಅದು ತಾನಾಗಿ ತೆರೆದು ಆವಿಯನ್ನು ಹೊರಬಿಡಬೇಕು. ಒತ್ತಡ ಇಳಿದ ಮೇಲೆ ತಾನಾಗಿ ಮುಚ್ಚಿಕೊಳ್ಳಬೇಕು. ಆ ದಿನ ಅದಕ್ಕೆ ಸಿಗುವುದು ಒಂದೇ ಅವಕಾಶ, ಅದೂ ಮೊದಲನೆಯದು. ಹಾಗಿರುವಾಗ ಎರಡನೆಯ, ಮೂರನೆಯ, ನಾಲ್ಕನೆಯ ಸಲ ಎಷ್ಟಕ್ಕೆ ತೆರೆಯಿತು ಎಂಬುದನ್ನು ಹಿಡಿದುಕೊಂಡು ಏನು ಮಾಡುವುದು?

ಮೊದಲ ಸಲ ಹೆಚ್ಚು ಬರುವುದಕ್ಕೆ ಕಾರಣವಿದೆ. ಕುದಿನೀರಿನ ರಿಯಾಕ್ಟರ್‌ಗಳಲ್ಲಿ ಬಳಸುವ ಪೈಲಟ್ ಮಾದರಿಯ ವಾಲ್ವ್‌ಗಳಲ್ಲಿ (ಇವುಗಳಲ್ಲಿ ಪೈಲಟ್ ಎಂಬ ಚಿಕ್ಕ ವಾಲ್ವ್ ಮೊದಲು ತೆರೆದು ದೊಡ್ಡದನ್ನು ತೆರೆಸುತ್ತದೆ) ಇದು ಬಹಳ ಹಳೆಯ ತೊಂದರೆ. ವಿಕಿರಣಕ್ಕೆ ಒಡೆದ ನೀರಿನಿಂದ ಹುಟ್ಟುವ ಆಮ್ಲಜನಕ ಆವಿಯೊಂದಿಗೆ ಬಂದು ಪೈಲಟ್‌ನಲ್ಲಿ ಸೇರುತ್ತದೆ. ಡಿಸ್ಕ್ ಮತ್ತು ಸೀಟ್ ಎರಡೂ ಸ್ಟೆಲ್ಲೈಟ್ ಎಂಬ ಕೋಬಾಲ್ಟ್ ಮಿಶ್ರಲೋಹದವು. ಅವುಗಳ ನಡುವೆ ಆಕ್ಸೈಡ್ ಪದರ ಬೆಳೆದು ಎರಡನ್ನೂ ಅಂಟಿಸಿಬಿಡುತ್ತದೆ. ಒಮ್ಮೆ ತೆರೆದರೆ ಆ ಅಂಟು ಬಿಟ್ಟುಹೋಗುತ್ತದೆ, ಮುಂದಿನ ಅಳತೆಗಳೆಲ್ಲ ಸರಿಯಾಗಿಯೇ ಬರುತ್ತವೆ. ಎಂದರೆ ರೋಗ ಕಾಣಿಸುವುದು ಮೊದಲ ಅಳತೆಯಲ್ಲಿ ಮಾತ್ರ. ಅದನ್ನು ಬಿಟ್ಟು ಬರೆದ ವರದಿ ವಾಲ್ವ್ ಆರೋಗ್ಯವಾಗಿದೆ ಎನ್ನುತ್ತದೆ. ಪ್ಲಾಟಿನಂ ಸೇರಿಸಿದ ಡಿಸ್ಕ್, ಒತ್ತಡ ಏರಿದಾಗ ವಾಲ್ವನ್ನು ವಿದ್ಯುತ್ತಿನಿಂದ ತೆರೆಸುವ ಪ್ರೆಶರ್ ಸ್ವಿಚ್ ಮುಂತಾದ ಪರಿಹಾರಗಳು ಬಂದದ್ದು ಈ ಮೊದಲ ಅಳತೆಗಳನ್ನು ಯಾರೋ ಪ್ರಾಮಾಣಿಕವಾಗಿ ಬರೆದಿಟ್ಟಿದ್ದರಿಂದ.

ಬೆಂಚಿನ ಮೇಲೆ ವಾಲ್ವ್ ಪೂರ್ತಿ ಬಿಸಿಯಾಗಿರುವುದಿಲ್ಲ, ಆದ್ದರಿಂದ ಮೊದಲ ಅಳತೆ ನಂಬಲರ್ಹವಲ್ಲ ಎಂದು ಇಂದು ಒಬ್ಬರು ವಾದಿಸಿದರು. ಬಿಸಿಯಾಗಿಲ್ಲವಾದರೆ ಬಿಸಿಯಾಗುವವರೆಗೆ ಕಾಯಬೇಕು, ಆಮೇಲೆ ಒತ್ತಡ ಏರಿಸಬೇಕು. ಅಳತೆಯನ್ನು ಎಸೆಯುವುದಕ್ಕೆ ಅದು ಕಾರಣವಲ್ಲ. ನಿಜವಾದ ಕಾರಣ ಬೇರೆ ಇದೆ. ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘವಾದ ಎಎಸ್‌ಎಂಇಯ ಸಂಹಿತೆಯ ಪ್ರಕಾರ ಒಂದು ವಾಲ್ವ್ ಮೊದಲ ಪರೀಕ್ಷೆಯಲ್ಲಿ ಮಿತಿಯನ್ನು (ಸಾಮಾನ್ಯವಾಗಿ ನಿಗದಿತ ಒತ್ತಡಕ್ಕಿಂತ ಶೇ. 3) ಮೀರಿದರೆ, ಅದೇ ಗುಂಪಿನ ಇನ್ನೆರಡನ್ನು ಬಿಚ್ಚಿ ಪರೀಕ್ಷಿಸಬೇಕು. ಸ್ಥಾವರ ಮತ್ತೆ ಶುರುವಾಗುವುದು ತಡವಾಗುತ್ತದೆ. ಆ ಆತುರದ ಒತ್ತಡವನ್ನು ನಾನೂ ಅನುಭವಿಸಿದ್ದೇನೆ.

ಇದನ್ನು ಎಂದೂ ಹೇಳಿಕೊಂಡಿರಲಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಮೇಲಿನವರು ಗಡಿಯಾರ ನೋಡುತ್ತಾ ನಿಂತಿದ್ದಾಗ, ಮೊದಲ ಅಳತೆಯನ್ನು ಬಿಟ್ಟು ಎರಡನೆಯದನ್ನು ನಾನೇ ಬರೆದಿದ್ದೇನೆ. ಏನೂ ಅನಾಹುತ ಆಗಲಿಲ್ಲ. ಆದರೂ ಆ ಪುಟ ಇಂದಿಗೂ ಕಣ್ಣ ಮುಂದಿದೆ.

1977ರ ಸೆಪ್ಟೆಂಬರ್ 24ರಂದು ಅಮೆರಿಕದ ಡೇವಿಸ್-ಬೆಸ್ಸಿ ಸ್ಥಾವರದಲ್ಲಿ ಒತ್ತಡ ಇಳಿಸುವ ರಿಲೀಫ್ ವಾಲ್ವ್ ತೆರೆದು ಮತ್ತೆ ಮುಚ್ಚಲಿಲ್ಲ. ರಿಯಾಕ್ಟರ್ ಆಗ ಶೇ. 9ರಷ್ಟು ಸಾಮರ್ಥ್ಯದಲ್ಲಿತ್ತು, ಸುಮಾರು 20 ನಿಮಿಷಗಳಲ್ಲಿ ನಿರ್ವಾಹಕರಿಗೆ ವಿಷಯ ತಿಳಿಯಿತು. ಮೊದಲ ಎಚ್ಚರಿಕೆಯಾದ್ದರಿಂದ ಅದೂ ಒಂದು ಮೊದಲ ಅಳತೆಯೇ. ಆ ಪಾಠ ಉಳಿದ ಸ್ಥಾವರಗಳಿಗೆ ತಲುಪಲಿಲ್ಲ. 1979ರ ಮಾರ್ಚ್ 28ರ ನಸುಕಿನಲ್ಲಿ ಅಮೆರಿಕದ್ದೇ ಆದ ತ್ರೀ ಮೈಲ್ ಐಲ್ಯಾಂಡ್ ಸ್ಥಾವರದಲ್ಲಿ ಅಂಥದೇ ವಾಲ್ವ್ ತೆರೆದೇ ಉಳಿಯಿತು. ನಿಯಂತ್ರಣ ಕೊಠಡಿಯ ದೀಪ ತೋರಿಸಿದ್ದು ವಾಲ್ವ್‌ಗೆ ಹೋದ ಮುಚ್ಚುವ ಆಜ್ಞೆಯನ್ನು, ವಾಲ್ವ್‌ನ ಸ್ಥಿತಿಯನ್ನಲ್ಲ. ವಾಲ್ವ್‌ನಿಂದ ಹೊರಹೋಗುವ ಕೊಳವೆಯ ಉಷ್ಣತಾಮಾಪಕ ಹೆಚ್ಚು ಬಿಸಿ ತೋರಿಸಿ ಸತ್ಯ ಹೇಳುತ್ತಿತ್ತು, ಆದರೆ ಆ ವಾಲ್ವ್ ಮೊದಲಿನಿಂದಲೂ ಸೋರುತ್ತಿದ್ದುದರಿಂದ "ಅದು ಯಾವಾಗಲೂ ಸ್ವಲ್ಪ ಹೆಚ್ಚೇ" ಎಂದು ಬಿಟ್ಟರು. ಎರಡು ಗಂಟೆಗೂ ಹೆಚ್ಚು ಕಾಲದ ಮೇಲೆ ಅದೇ ಕೊಳವೆಯನ್ನು ಮುಚ್ಚಬಲ್ಲ ಇನ್ನೊಂದು ತಡೆ ವಾಲ್ವನ್ನು ಮುಚ್ಚಿದರು. ಅಷ್ಟರಲ್ಲಿ ತಂಪುಗೊಳಿಸುವ ನೀರು ಹೊರಹೋಗಿ ಇಂಧನಕ್ಕೆ ಸರಿಪಡಿಸಲಾಗದ ಹಾನಿ ಶುರುವಾಗಿತ್ತು. ಕೊನೆಗೆ ರಿಯಾಕ್ಟರ್ ಗರ್ಭದ ಸುಮಾರು ಅರ್ಧ ಭಾಗ ಕರಗಿತ್ತು.

"ಯಾವಾಗಲೂ ಸ್ವಲ್ಪ ಹೆಚ್ಚೇ." ಇಂದು ಬೆಳಿಗ್ಗೆ ಅದೇ ಮಾತು ಕಿವಿಗೆ ಬಿದ್ದಾಗ ನನಗೆ ಮೈ ನಡುಗಿತು.

ಆ ಅಪಘಾತದ ನಂತರ ವಾಲ್ವ್‌ನ ನಿಜವಾದ ಸ್ಥಿತಿ ತೋರಿಸುವ ಸೂಚಕಗಳು ಕಡ್ಡಾಯವಾದವು, ಪೂರ್ಣ ಗಾತ್ರದ ವಾಲ್ವ್‌ಗಳನ್ನು ಆವಿ ಮತ್ತು ನೀರು ಹಾಯಿಸಿ ಪರೀಕ್ಷಿಸಿದರು. ಒಳ್ಳೆಯ ಕೆಲಸ. ಆದರೆ ಹೊಸ ಲೋಹ, ಹೊಸ ಸಂವೇದಕ, ಕಂಪ್ಯೂಟರ್ ವಿಶ್ಲೇಷಣೆ ಎಲ್ಲವೂ ನಿಂತಿರುವುದು ಬೆಂಚಿನ ಮುಂದೆ ನಿಂತವನು ಬರೆಯುವ ಅಂಕಿಯ ಮೇಲೆ. ವಾಲ್ವನ್ನು ತೊಳೆಯುವ ಮೊದಲು, ನಟ್ಟನ್ನು ಮುಟ್ಟುವ ಮೊದಲು, ಸ್ಥಾವರದಿಂದ ಬಂದದ್ದು ಬಂದ ಹಾಗೆಯೇ ಪರೀಕ್ಷೆಯಾಗಬೇಕು. ಆ ಅಂಕಿ ಎಷ್ಟೇ ಕೆಟ್ಟದಾಗಿರಲಿ, ಪಟ್ಟಿಯ ಮೊದಲ ಸಾಲಿನಲ್ಲಿರಬೇಕು.

ಸಭೆ ಮುಗಿದ ಮೇಲೆ ಆ ಎಂಜಿನಿಯರ್‌ಗೆ ಫೋನ್ ಮಾಡಿದೆ. ಗದರಿಸಲಿಲ್ಲ. ರೆಕಾರ್ಡರ್‌ನಲ್ಲಿ ಮೊದಲ ಅಳತೆಗಳು ಇನ್ನೂ ಇವೆಯಂತೆ. ನಾಳೆ ಕಳುಹಿಸುತ್ತೇನೆ ಎಂದಿದ್ದಾರೆ, ಇಬ್ಬರೂ ಕೂಡಿ ಒಂದೊಂದಾಗಿ ನೋಡುತ್ತೇವೆ.