ತೇರ್ಸಿನ ಕೊನೆಯ ಹೆಸರುಗಳು

ಅಜ್ಜಿ ತೀರಿಕೊಂಡ ತಿಂಗಳಿಗೆ ಇಗರ್ಜಿಯಲ್ಲಿ ಬಲಿಪೂಜೆ, ಆಮೇಲೆ ಹಾಲ್‌ನಲ್ಲಿ ಊಟ, ನಡುವೆ ಮೊಮ್ಮಗನೊಬ್ಬ ಮೊಬೈಲ್ ನೋಡಿ ಓದುವ ಎರಡು ನಿಮಿಷದ ಮಾತು. "ದೈವಭಕ್ತೆ, ಮಮತಾಮಯಿ, ಒಂದು ದಿನವೂ ಪೂಜೆ ತಪ್ಪಿಸಿದವರಲ್ಲ." ಮಂಗಳೂರು, ಉಡುಪಿಯ ಯಾವ ಕೆಥೊಲಿಕ್ ಅಜ್ಜಿಗೆ ಬೇಕಾದರೂ ಇದನ್ನು ಓದಬಹುದು, ಹೆಸರು ಬದಲಿಸಿದರಾಯಿತು. ಕೆಲವರು ಅಷ್ಟೇ ಮಾಡುತ್ತಾರೆ ಕೂಡ.

ಓದಬೇಕಾದದ್ದು ಬೇರೆ ಇದೆ. ಸಂಜೆಯ ತೇರ್ಸಿನಲ್ಲಿ, ಅಂದರೆ ಮನೆಯವರು ಕೂಡಿ ಹೇಳುವ ಜಪಮಾಲೆಯಲ್ಲಿ, ಐದು ರಹಸ್ಯ (ಯೇಸು-ಮರಿಯಮ್ಮನ ಬದುಕಿನ ಘಟನೆಗಳ ಧ್ಯಾನ), 53 ನಮಾನ್ ಮರಿಯೆ (ಮರಿಯಮ್ಮನ ಪ್ರಾರ್ಥನೆ) ಮುಗಿದ ಮೇಲೆ, ಮಕ್ಕಳು ಬೆಸಾಂವ್ (ಹಿರಿಯರ ಆಶೀರ್ವಾದ) ಕೇಳಲು ಏಳುವ ಮೊದಲು, ಅಜ್ಜಿ ಸತ್ತವರ ಹೆಸರು ಹೇಳುತ್ತಾರಲ್ಲ, ಒಬ್ಬೊಬ್ಬರಿಗೆ ಒಂದು ಆಮ್ಚ್ಯಾ ಬಾಪಾ ("ನಮ್ಮ ತಂದೆಯೇ" ಪ್ರಾರ್ಥನೆ), ಅದು. ಅತ್ತೆ-ಮಾವ, ಬೊಂಬಾಯಿಗೆ ಹೋದವನು ಮರಳದ ಮೈದುನ, ಹೆಸರಿಡುವ ಮೊದಲೇ ಹೋದ ಮಗು. ಮನೆತನದ ವಂಶಾವಳಿ ಎಲ್ಲೂ ಬರೆದಿಟ್ಟಿರುವುದಿಲ್ಲ, ಅಲ್ಲಿ ಇರುತ್ತದೆ. ಮಕ್ಕಳಿಗೆ ಮಂಡಿ ನೋಯುವ ಹೊತ್ತದು, ಯಾರೂ ಕೇಳಿಸಿಕೊಳ್ಳುವುದಿಲ್ಲ.

ಅಜ್ಜಿ ಇನ್ನೂ ಇದ್ದರೆ ಈ ವಾರವೇ ರೆಕಾರ್ಡ್ ಮಾಡಿ. "ಎಲ್ಲರ ಹೆಸರು ಹೇಳಿ" ಎಂದು ಕೂರಿಸಿದರೆ ಅರ್ಧವೂ ಬರುವುದಿಲ್ಲ, ಆ ಹೆಸರುಗಳು ಬರುವುದು ಪ್ರಾರ್ಥನೆಯ ಓಟದಲ್ಲಿ. ತೇರ್ಸ್ ಶುರುವಾಗುವ ಮೊದಲೇ ಫೋನನ್ನು ಮನೆಯ ಅಲ್ತಾರಿನ (ದೇವರ ಪೀಠದ) ಹತ್ತಿರ ಇಟ್ಟುಬಿಡಿ. ನಡುವೆ "ಅದು ಯಾರು?" ಎಂದು ಕೇಳಬೇಡಿ, ಸರಣಿ ತಪ್ಪಿದರೆ ಮತ್ತೆ ಮೊದಲಿನಿಂದಲೇ ಆಗಬೇಕು. ಒಂದು ದಿನ ಬಿಟ್ಟುಹೋದವರು ಇನ್ನೊಂದು ದಿನ ಬರುತ್ತಾರೆ, ಹಾಗಾಗಿ ಮೂರು ಸಂಜೆಯಾದರೂ ಬೇಕು. ಸತ್ತವರ ಸ್ಮರಣೆಯ ದಿನವಾದ ನವೆಂಬರ್ 2ರ ಆಸುಪಾಸಿನಲ್ಲಿ ಪಟ್ಟಿ ಉದ್ದವಾಗುವುದೂ ಉಂಟು. (ಗುರುವಾರಕ್ಕೆಂದು 2002ರಲ್ಲಿ ಸೇರಿದ ಬೆಳಕಿನ ರಹಸ್ಯಗಳನ್ನು ಬಿಟ್ಟು, ಆ ದಿನವೂ ಹಳೆಯ ಸಂತೋಷದ ರಹಸ್ಯಗಳನ್ನೇ ಹೇಳುವ ಅಜ್ಜಿಯಂದಿರಿದ್ದಾರೆ. ತಿದ್ದಲು ಹೋಗಬೇಡಿ.) ಮರುದಿನ ಕಾಗದ ಹಿಡಿದು ಒಂದೊಂದೇ ಹೆಸರಿಗೆ ಕೇಳಿ: ಯಾವ ಮನೆ, ನಿಮಗೆ ಏನಾಗಬೇಕು, ಮಣ್ಣು ಎಲ್ಲಿ ಆಯಿತು.

ತೀರಿಕೊಂಡಿದ್ದರೆ ಕೆಲಸ ನಿಧಾನ. ಮೊದಲು ಪ್ರಾರ್ಥನಾ ಪುಸ್ತಕ. ಅದರೊಳಗಿನ ಮರಣ ಸ್ಮರಣೆಯ ಕಾರ್ಡುಗಳನ್ನು ತೆಗೆಯುವ ಮೊದಲು ಯಾವ ಪುಟದಲ್ಲಿ ಯಾವುದಿದೆ ಎಂದು ಫೋಟೋ ತೆಗೆದುಕೊಳ್ಳಿ. ಆಮೇಲೆ ತವರಿನ ಇಗರ್ಜಿಯ ದೀಕ್ಷಾಸ್ನಾನದ (ಬ್ಯಾಪ್ಟಿಸಂ) ಪುಸ್ತಕ. ಅಲ್ಲಿ ತಂದೆ-ತಾಯಿಯ ಜೊತೆ ಜ್ಞಾನ ತಂದೆ-ತಾಯಿಯ (ಗಾಡ್‌ಪೇರೆಂಟ್ಸ್) ಹೆಸರೂ ಇರುತ್ತದೆ, ಮದುವೆಯಾದ ವಿವರವನ್ನು ಅದೇ ಸಾಲಿನ ಪಕ್ಕದಲ್ಲಿ ಗುರುತು ಮಾಡಬೇಕೆಂಬ ನಿಯಮವೂ ಇದೆ. ಜನ ಎಡವುವುದು ಹೆಸರಿನಲ್ಲಿ: ಮನೆಯಲ್ಲಿ ಇನಾಸ್ ಆದವರು ಪುಸ್ತಕದಲ್ಲಿ ಇಗ್ನೇಷಿಯಸ್, ಜುವಾಂವ್ ಅಲ್ಲಿ ಜಾನ್. ಆಧಾರ್‌ನಲ್ಲಿ ಜನವರಿ 1 ಎಂದಿದ್ದರೆ ಅದನ್ನು ಹುಟ್ಟಿದ ದಿನವೆಂದು ನಂಬಿ ಕಲ್ಲಿನ ಮೇಲೆ ಕೆತ್ತಿಸಬೇಡಿ. ಸಮಾಧಿಯನ್ನೂ ಪೂರ್ತಿ ನೆಚ್ಚಿಕೊಳ್ಳುವಂತಿಲ್ಲ. ಕುಟುಂಬದ ಹೆಸರಲ್ಲಿ ಕಾದಿರಿಸದ ಗುಂಡಿಯನ್ನು ಕೆಲವು ವರ್ಷ ಬಿಟ್ಟು ಬೇರೆಯವರಿಗೆ ಬಳಸುವ ರೂಢಿ ಹಲವು ಕಡೆ ಇದೆ.

ಇನ್ನೊಂದು ಪಟ್ಟಿ ಬದುಕಿರುವವರದು. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ (ಮರಿಯಮ್ಮನ ಹುಟ್ಟುಹಬ್ಬ, ಹೊಸ ತೆನೆಯ ಹಬ್ಬ) ಇಗರ್ಜಿಯಿಂದ ತಂದ ಭತ್ತದ ತೆನೆಯ ಕಾಳು ಯಾರ್ಯಾರಿಗೆ ಹೋಗಬೇಕು ಎಂಬ ಲೆಕ್ಕ ಅಜ್ಜಿಯದ್ದೇ. ಮನೆಯಲ್ಲಿರುವವರಿಗೆ ಸುಲಿದು ಪುಡಿ ಮಾಡಿ ಪಾಯಸಕ್ಕೆ, ದೂರದವರಿಗೆ ನಾಲ್ಕೈದು ಕಾಳು ಲಕೋಟೆಯಲ್ಲಿ. ಮಾತು ಬಿಟ್ಟ ತಮ್ಮನಿಗೂ ಒಂದು ಲಕೋಟೆ ಹೋಗುತ್ತಿತ್ತೇ ಎಂದು ಹಿರಿಯ ಸೊಸೆಯನ್ನು ಕೇಳಿ, ಅವರಿಗೆ ಗೊತ್ತಿರುತ್ತದೆ. ಹೋಗುತ್ತಿತ್ತು ಎಂದಾದರೆ ಈ ವರ್ಷವೂ ಹೋಗಲಿ. ಆದರೆ ತೆನೆ ಮಳೆಯಲ್ಲಿ ಬಂದದ್ದು, ಎರಡು ದಿನ ಒಲೆಯ ಹತ್ತಿರ ಒಣಗಿಸದೆ ಅಂಟಿಸಿದರೆ ತಲುಪುವಷ್ಟರಲ್ಲಿ ಬೂಸ್ಟು ಹಿಡಿದಿರುತ್ತದೆ. ಆಸ್ಟ್ರೇಲಿಯಾದಲ್ಲಿರುವವರಿಗೆ ಕಾಳಿನ ಬದಲು ಫೋಟೋ ಕಳಿಸಿ. ಅಲ್ಲಿ ಭತ್ತವನ್ನು ಒಳಗೆ ಬಿಡುವುದಿಲ್ಲ.