ಯಾಳ್ ನೋಡಿ ನಮ್ಮ ಕಿನ್ನರಿ ನೆನಪಾಯ್ತು

ಚೆನ್ನೈಗೆ ಬಂದು ಸುಮಾರು ವರ್ಷ ಆಯ್ತು, ಇಲ್ಲಿನವರದ್ದು ಒಂದು ವಿಷಯಕ್ಕೆ ನಂಗೆ ಹೊಟ್ಟೆಕಿಚ್ಚು. ಯಾಳ್ ಅನ್ನೋ ಹಳೇ ತಮಿಳು ತಂತಿವಾದ್ಯ ನುಡಿಸೋರು ಇಲ್ಲದಂಗಾಗಿ ಶತಮಾನಗಳೇ ಕಳೆದಿವೆ, ಆದ್ರೂ ಹೆಣ್ಮಕ್ಕಳಿಗೆ ಯಾಳಿನಿ ಅಂತ ಹೆಸರಿಡ್ತಾರೆ, ಸಮುದ್ರದಾಚೆ ಜಾಫ್ನಾಕ್ಕೆ ಯಾಳ್ಪಾಣಂ ಅಂತಾರೆ.

ದೋಣಿ ಥರದ ಹೊಟ್ಟೆ, ಮೇಲೆ ಬಿಗಿದ ಚರ್ಮ, ಅದರಿಂದ ಬಿಲ್ಲಿನಂಗೆ ಬಾಗಿ ಎದ್ದ ಕೋಲು, ಎರಡರ ಮಧ್ಯೆ ತಂತಿಗಳು. ಯಾಳಲ್ಲೇ ಬೇರೆ ಬೇರೆ ಬಗೆ, ಸೆಂಗೋಟ್ಟಿಯಾಳ್‌ಗೆ 7 ತಂತಿ, ಪೇರಿಯಾಳ್‌ಗೆ 21. ವೀಣೆ ಥರ ಮೆಟ್ಟಿಲ್ಲ, ಒಂದು ತಂತಿಗೆ ಒಂದೇ ಸ್ವರ, ಸ್ವರ ಜಾರಿಸಿ ಗಮಕ ಎಳೆಯೋದು ಕಷ್ಟ. ತಮಿಳು ಶಿವಭಕ್ತ ಕವಿ ಸಂಬಂಧರ್ ಹಾಡಿದ ಒಂದು ಪದಿಕವನ್ನ (ಭಕ್ತಿಗೀತೆಯನ್ನ) ನುಡಿಸೋಕಾಗದೆ ಜೊತೆಗಿದ್ದ ತಿರುನೀಲಕಂಠ ಯಾಳ್ಪಾಣರ್ ವಾದ್ಯವನ್ನೇ ಒಡೆಯೋಕೆ ಹೋದ್ರು ಅನ್ನೋ ಕಥೆ ಇದೆಯಲ್ಲ, ಯಾಳ್ ಯಾಕೆ ಹಿಂದೆ ಬಿತ್ತು ಅನ್ನೋದಕ್ಕೆ ನಂಗೆ ಅದೇ ಉತ್ತರ ಅನ್ಸತ್ತೆ.

ಗಿಟಾರು ಪಿಯಾನೋ ಎಲ್ಲಾ ಯಾಳಿಂದಲೇ ಬಂತು ಅನ್ನೋ ವಾಟ್ಸಾಪ್ ಫಾರ್ವರ್ಡ್ ಬಂದ್ರೆ ಓದಿ ಡಿಲೀಟ್ ಮಾಡ್ತೀನಿ, ಅದು ಬೇರೆ ಮಾತು. ಆದ್ರೆ ವಿಪುಲಾನಂದರ ಕೆಲಸ ನೋಡಿ. ಶ್ರೀಲಂಕಾದ ಮಟ್ಟಕಳಪ್ಪು ಕಡೆಯವರು, ವಿಜ್ಞಾನ ಓದಿ ರಾಮಕೃಷ್ಣ ಮಿಷನ್ ಸನ್ಯಾಸಿ ಆದೋರು, ಹಳೇ ತಮಿಳು ಕಾವ್ಯ ಸಿಲಪ್ಪದಿಕಾರದಲ್ಲಿರೋ ಸಂಗೀತದ ಮಾತುಗಳನ್ನ ಹಿಡಿದು ಸ್ವರಗಳ ಲೆಕ್ಕ ಹಾಕಿ ‘ಯಾಳ್ ನೂಲ್’ ಅನ್ನೋ ಪುಸ್ತಕ ಬರೆದ್ರು. 1947ರಲ್ಲಿ ಅದು ಅಚ್ಚಾಗಿ ಬಂತು, ಅದೇ ವರ್ಷ ತೀರಿಕೊಂಡ್ರು. ಈಚೆಗೆ ಚೆನ್ನೈನ ತರುಣ್ ಶೇಖರ್ ಯಾಳನ್ನ ಮತ್ತೆ ಕಟ್ಟಿ ನುಡಿಸಿಯೂ ತೋರಿಸಿದ್ರು. ಹಳೇ ಕಾವ್ಯ ಅಂದ್ರೆ ಇವರಿಗೆ ಬರೀ ಸನ್ಮಾನದ ಭಾಷಣಕ್ಕಲ್ಲ, ಅಳತೆ ತಗೊಳೋಕೂ ಆಗತ್ತೆ.

ನಾವು? ‘ಎನ್ನ ಕಾಯವ ದಂಡಿಗೆಯ ಮಾಡಯ್ಯ’ ಯಾರಿಗೆ ಗೊತ್ತಿಲ್ಲ ಹೇಳಿ, ಮೈ ದಂಡಿಗೆ, ತಲೆ ಸೋರೆ, ನರ ತಂತಿ, ಬೆರಳು ಕಡ್ಡಿ ಅಂತ ಬಸವಣ್ಣ ಒಂದು ವಾದ್ಯದ ಬಿಡಿಭಾಗಗಳನ್ನೇ ಹೇಳಿದ್ದಾರೆ. ಭಕ್ತಿ ಅಂತ ಕಣ್ಮುಚ್ಚಿ ಹಾಡ್ತೀವಿ, ಆ ವಾದ್ಯ ಹೆಂಗಿತ್ತಪ್ಪಾ ಅಂತ ಕೇಳಲ್ಲ. ಶರಣ ಕಿನ್ನರಿ ಬೊಮ್ಮಯ್ಯನ ಹೆಸರಲ್ಲೇ ಕಿನ್ನರಿ ಅನ್ನೋ ತಂತಿವಾದ್ಯ ಇದೆ, ಅದನ್ನ ಕಣ್ಣಾರೆ ಕಂಡೋರು ನಮ್ಮಲ್ಲಿ ಎಷ್ಟು ಜನ? ನಮ್ದು ಯಾಳ್‌ನಂಗೆ ಪೂರ್ತಿ ಹೋಗಿಲ್ಲ ಬೇರೆ, ಕಿನ್ನರಿ ಜೋಗಿಗಳು ಸೋರೆಬುರುಡೆ ಕಟ್ಟಿದ ಕಿನ್ನರಿ ಹಿಡಿದು ಅರ್ಜುನ ಜೋಗಿ ಕಥೆ ಹಾಡ್ತಾರೆ. ಹೊರನಾಡ ಸಂಘಗಳು ರಾಜ್ಯೋತ್ಸವಕ್ಕೆ ಆರ್ಕೆಸ್ಟ್ರಾಗೆ ಸುರಿಯೋ ದುಡ್ಡಲ್ಲಿ ಒಂದ್ಸಲ ಅವರನ್ನ ಕರೆಸಿ, ಬಸ್ ಚಾರ್ಜು ಕೊಟ್ಟು, ಸಂಭಾವನೆ ಕೊಟ್ಟು, ಮುಂದಿನ ಸಾಲಲ್ಲಿ ಮಕ್ಕಳನ್ನ ಕೂರಿಸ್ಲಿ. ವಾದ್ಯ ಕಟ್ಟೋದು ಹೆಂಗೆ ಅಂತ ಜೋಗಿಗಳನ್ನೇ ಕೇಳಿ ವಿಡಿಯೋನೂ ಮಾಡ್ಕೊಳ್ಳಿ.