ಹತ್ತನೇ ಕ್ಲಾಸು ಮತ್ತು ಮಗಳ ಸ್ವಿಮ್ಮಿಂಗ್ ಕೋಚ್

ಮಗಳು ಹತ್ತನೇ ಕ್ಲಾಸಿಗೆ ಬಂದ ಜೂನ್‌ನಲ್ಲಿ ನಾನೇ ಪೂಲಿಗೆ ಹೋಗಿ ಅವಳ ಕೋಚ್‌ಗೆ ಹೇಳಿದೆ: "ಸರ್, ಈ ವರ್ಷ ಬೋರ್ಡ್ ಎಕ್ಸಾಮು, ಸ್ವಿಮ್ಮಿಂಗ್ ನಿಲ್ಲಿಸ್ತಿದೀವಿ." ಅವರು ಬೈಯಲಿಲ್ಲ, ತಡೆಯಲೂ ಇಲ್ಲ. "ಆಯ್ತು ಮೇಡಂ, ಒಂದ್ನಿಮಿಷ" ಅಂತ ಒಳಗೆ ಹೋಗಿ ಇನ್ನೂರು ಪುಟದ ಒಂದು ನೋಟ್‌ಬುಕ್ ತಂದುಕೊಟ್ಟರು. ನೀರು ಬಿದ್ದು ಬಿದ್ದು ಹಾಳೆಗಳೆಲ್ಲ ಉಬ್ಬಿದ್ದವು. ಅವಳು ಏಳು ವರ್ಷದವಳಿದ್ದಾಗಿನಿಂದ ಈಜಿದ ಪ್ರತಿ ಮೀಟ್‌ನ ಟೈಮಿಂಗ್ ಅದರಲ್ಲಿತ್ತು. ಪಕ್ಕದಲ್ಲಿ ಪೆನ್ಸಿಲ್ ಬರಹ: "ಮಂಡಿ ಅಗಲ ಆಗ್ತಿದೆ." "ಟರ್ನ್ ಆದ ಕೂಡಲೇ ಉಸಿರು ತಗೋತಾಳೆ." "ಜ್ವರ ಬಿಟ್ಟು ನಾಲ್ಕೇ ದಿನ, ಬೈಬಾರದು."

ಮನೆಗೆ ಬರೋವರೆಗೂ ಆಟೋದಲ್ಲಿ ಅತ್ತೆ.

ಆ ಮಂಡಿ ಸರಿ ಮಾಡೋಕೆ ಅವರು ನಾಲ್ಕು ತಿಂಗಳು ಹಿಡಿದಿದ್ದರು. ತೊಡೆಗಳ ನಡುವೆ ಪುಲ್ ಬಾಯ್ (ನೀರಲ್ಲಿ ತೇಲುವ ಫೋಮ್ ತುಂಡು) ಸಿಕ್ಕಿಸಿ, ಅದು ಜಾರದ ಹಾಗೆ ಬ್ರೆಸ್ಟ್ ಸ್ಟ್ರೋಕ್ ಕಿಕ್ ಮಾಡಿಸೋರು. ಬೆಳಿಗ್ಗೆ ಐದಕ್ಕೆ, ಡಿಸೆಂಬರ್ ಚಳೀಲಿ, ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ಅವಳ ಲೇನ್ ಪಕ್ಕವೇ ನಡೀತಾ.

ಇಂಥವರ ಸಂಪಾದನೆ ಹೇಗೆ ಗೊತ್ತಾ? ನಮ್ಮ ಪೂಲಿನಲ್ಲಿ ಸಂಬಳ ಅಂತ ಇಲ್ಲ, ಮಕ್ಕಳ ಫೀಸಿನಲ್ಲಿ ಒಂದು ಪಾಲು ಅಷ್ಟೆ. ಫೆಬ್ರುವರಿ, ಮಾರ್ಚ್‌ನಲ್ಲಿ ಪರೀಕ್ಷೆ ಅಂತ ಪೂಲ್ ಖಾಲಿ. ಏಪ್ರಿಲ್, ಮೇನಲ್ಲಿ ಸಮ್ಮರ್ ಕ್ಯಾಂಪಿನ ಜಾತ್ರೆ. ಜೂನ್ ಬಂತು ಅಂದ್ರೆ, ಏಳೆಂಟು ವರ್ಷ ತಿದ್ದಿ ತೀಡಿದ ಮಕ್ಕಳು ನನ್ನ ಮಗಳ ಹಾಗೆ ಎದ್ದು ಹೊರಟುಬಿಡ್ತಾರೆ. ಆಮೇಲೆ ಮತ್ತೆ ಐದು ವರ್ಷದ ಕೂಸಿಗೆ ಮುಖ ಮುಳುಗಿಸೋದು ಕಲಿಸೋದರಿಂದ ಶುರು. ಒಬ್ಬ ಕೋಚ್‌ನ ಇಡೀ ವೃತ್ತಿಜೀವನ ಹೀಗೇ ಕಳೆದುಹೋಗಬಹುದು, ಆತನಿಗೆ ಬರೋದರಲ್ಲಿ ಅರ್ಧ ಮಾತ್ರ ಬಳಕೆಯಾಗಿ.

ಸಜನ್ ಪ್ರಕಾಶ್ 2021ರ ಜೂನ್‌ನಲ್ಲಿ ರೋಮ್‌ನಲ್ಲಿ 200 ಮೀಟರ್ ಬಟರ್‌ಫ್ಲೈಯನ್ನು 1 ನಿಮಿಷ 56.38 ಸೆಕೆಂಡಿನಲ್ಲಿ ಮುಗಿಸಿ, ಒಲಿಂಪಿಕ್ಸ್‌ಗೆ ನೇರ ಅರ್ಹತೆ ಪಡೆದ ಮೊದಲ ಭಾರತೀಯ ಈಜುಗಾರ ಆದರು. ಆಗ ವಯಸ್ಸು 27. ಹತ್ತನೇ ಕ್ಲಾಸಿನ ವಯಸ್ಸು ದಾಟಿ ಹನ್ನೆರಡು ವರ್ಷ! ಅದೇ ಊರಲ್ಲಿ, ಕೆಲವೇ ದಿನಗಳಲ್ಲಿ, ನಮ್ಮ ಬೆಂಗಳೂರಿನ ಶ್ರೀಹರಿ ನಟರಾಜ್ 100 ಮೀಟರ್ ಬ್ಯಾಕ್‌ಸ್ಟ್ರೋಕ್ ಅನ್ನು 53.77ಕ್ಕೆ ಮುಟ್ಟಿದರು. ನೇರ ಅರ್ಹತೆಗೆ ಬೇಕಿದ್ದದ್ದು 53.85 ಸೆಕೆಂಡು. ಈ ಇಬ್ಬರ ಗುರುಗಳು, ಪ್ರದೀಪ್ ಕುಮಾರ್ ಮತ್ತು ನಿಹಾರ್ ಅಮೀನ್, ದ್ರೋಣಾಚಾರ್ಯ ಪ್ರಶಸ್ತಿ ಪಡೆದವರು. ಎಷ್ಟು ದೊಡ್ಡ ಕೋಚ್ ಆದರೂ, ಹುಡುಗ ನೀರಲ್ಲಿ ಉಳಿದರೆ ತಾನೇ ಸೆಕೆಂಡಿನ ನೂರರಲ್ಲಿ ಆ ಎಂಟು ಪಾಲು ಹುಡುಕೋಕೆ ಆಗೋದು?

2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ಗೆ ಹೋದಾಗ ಈಜುಗಾರ್ತಿ ಧಿನಿಧಿ ದೇಸಿಂಗು ಒಂಬತ್ತನೇ ಕ್ಲಾಸು. ಆ ಮನೆಯಲ್ಲೂ ಪುಸ್ತಕ, ಪರೀಕ್ಷೆ ಎಲ್ಲ ಇತ್ತಲ್ಲ.

ಪೋಷಕರಲ್ಲಿ ನಾನು ಕೇಳೋದು ಇಷ್ಟೇ. ಎರಡು ಹೊತ್ತು ಆಗಲ್ಲ ಅಂದ್ರೆ ಒಂದು ಹೊತ್ತು ಕಳಿಸಿ, ಪೂರ್ತಿ ಬಿಡಿಸಬೇಡಿ. ಪರೀಕ್ಷೆ ತಿಂಗಳಲ್ಲಿ ಮಗು ಬರದಿದ್ದರೂ ಫೀಸು ಕಟ್ಟಿ. ಕೋಚ್ ಮನೆಯಲ್ಲೂ ಮಾರ್ಚ್‌ನಲ್ಲಿ ಒಲೆ ಉರೀಬೇಕು.

ಮಗ ಈಗ ಒಂಬತ್ತನೇ ಕ್ಲಾಸು, ಅದೇ ಸರ್ ಹತ್ತಿರ. ನಿನ್ನೆ ಹೋಗಿ ಫೆಬ್ರುವರಿ, ಮಾರ್ಚ್ ಫೀಸು ಮುಂಗಡ ಕೊಟ್ಟು, "ಮುಂದಿನ ಜೂನ್‌ನಲ್ಲೂ ಐದಕ್ಕೇ ಬರ್ತಾನೆ ಸರ್" ಅಂದೆ. ಅವನ ನೋಟ್‌ಬುಕ್ ಅವರ ಕೈಯಲ್ಲೇ ಇತ್ತು.